ನಾಲ್ಕೂವರೆಯ ಬಚ್ಚಲು

ನಾಲ್ಕು ಗಂಟೆ ಹತ್ತು ನಿಮಿಷ ಆಯಿತೆಂದರೆ ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಮೂಗಿನ ತುದಿಯ ಕನ್ನಡಕವನ್ನು ಹಣೆಗೇರಿಸಿ, ಒಳಗೆ ಮುಖ ಮಾಡಿ ಕೂಗುತ್ತಿದ್ದ.

"ಬಚ್ಚಲಲ್ಲಿ ಯಾರಿದ್ದೀರಿ? ಬೇಗ ಬನ್ನಿ ಹೊರಗೆ! ಕ್ರೇನು ಬರ್ತಾ ಇದೆ!"

ಇರುತ್ತಿದ್ದುದು ಅವನ ತಾಯಿಯೇ. "ಬಂದೆ ಕಣೋ. ವಯಸ್ಸಾದವಳನ್ನ ಹೀಗೆ ಓಡಿಸ್ತಾರೇನೋ?" ಎಂದು ಗೊಣಗುತ್ತ ಮುದುಕಿ ಗೋಡೆ ಹಿಡಿದು ಹೊರಗೆ ಬರುತ್ತಿದ್ದಳು. ಆಮೇಲೆ ಅಲ್ಲಿಗೆ ಯಾರೂ ಕಾಲಿಡುವಂತಿರಲಿಲ್ಲ. ಸ್ನಾನಕ್ಕೂ ಅದೇ, ಉಳಿದದ್ದಕ್ಕೂ ಅದೇ, ಮನೆಗೆಲ್ಲ ಇದ್ದದ್ದು ಅದೊಂದೇ ಬಚ್ಚಲು. ನೆಂಟರು ಬಂದಿರಲಿ, ಯಾರದಾದರೂ ಹೊಟ್ಟೆ ಕೆಟ್ಟಿರಲಿ, ನಾಲ್ಕೂವರೆಯ ಬಚ್ಚಲು ಇಪ್ಪತ್ತೆರಡು ವರ್ಷದಿಂದ ಒಬ್ಬಳ ಹೆಸರಿಗೇ ಬರೆದಿಟ್ಟಂತಿತ್ತು.

ಆ ಒಬ್ಬಳು ಬಂದರಿನ ನಾಲ್ಕನೇ ನಂಬರಿನ ಕ್ರೇನು ನಡೆಸುವವಳು, ದರ್ಜಿಯ ಹೆಂಡತಿ. ಬಂದರಿನವರು ಅವಳನ್ನು ಕ್ರೇನಮ್ಮ ಎಂದರು. ಬರಬರುತ್ತ ಬೀದಿಯವರೂ ಹಾಗೇ ಅಂದರು. ಕೊನೆಗೆ ಗಂಡನ ನಾಲಿಗೆಯ ಮೇಲೂ ಅದೇ ನಿಂತಿತು. ನಾಲ್ಕೂವರೆಗೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡವಳು ಯಾರ ಮುಖವನ್ನೂ ನೋಡದೆ, ಬೂಟನ್ನೂ ಬಿಚ್ಚದೆ ನೆಟ್ಟಗೆ ಬಚ್ಚಲಿಗೆ ಹೋಗುತ್ತಿದ್ದಳು. ಹೊರಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲನೇ ಚೊಂಬು ನೀರನ್ನು ಗಟಗಟ ಕುಡಿದು, ಎರಡನೆಯದನ್ನು ನಿಧಾನವಾಗಿ ಕುಡಿದು, ಮೂರನೆಯದನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಅವಳ ಬಾಯಿಂದ ಮನೆಯೊಳಗಿನ ಮೊದಲ ಮಾತು ಬೀಳುತ್ತಿತ್ತು.

"ಏನು ಅಡುಗೆ?"

ಆಗ ಮನೆ ಮತ್ತೆ ಉಸಿರಾಡುತ್ತಿತ್ತು.

ಕ್ರೇನಿನ ಕ್ಯಾಬಿನ್ನು ನೆಲದಿಂದ ನೂರನಲವತ್ತಾರು ಮೆಟ್ಟಿಲು ಮೇಲೆ. ಮಂಜು ಕವಿದ ಬೆಳಿಗ್ಗೆ ಅಲ್ಲಿ ಕೂತರೆ ನೆಲವೂ ಇಲ್ಲ, ಕಡಲೂ ಇಲ್ಲ. ಕಾಲ ಕೆಳಗಿನ ಗಾಜಿನಾಚೆ ಬರಿ ಹಾಲು. ಆ ಹಾಲಿನೊಳಗಿಂದ ಕೆಂಪು, ನೀಲಿ ಕಂಟೇನರುಗಳು ದೊಡ್ಡ ಮೀನುಗಳ ಹಾಗೆ ಸದ್ದಿಲ್ಲದೆ ಮೇಲೆದ್ದು ಬರುತ್ತಿದ್ದವು. ಕಡಲ ತುಂಬ ನೀರು, ಗಾಳಿಯ ತುಂಬ ನೀರು, ಗಾಜಿನ ಮೇಲೆ ಸಾಲುಸಾಲು ಹನಿ. ಗಂಟಲಿಗೆ ಮಾತ್ರ ಇಲ್ಲ. ಬಿಸಿಲೇರಿದ ಮೇಲೆ ಅವಳಿಗೆ ಕಣ್ಣು ತೆರೆದಿದ್ದಾಗಲೇ ಒಂದು ಕನಸು ಬೀಳುತ್ತಿತ್ತು: ಕ್ಯಾಬಿನ್ನಿನ ಮೂಲೆಯಲ್ಲಿ ಒಂದು ಹಿತ್ತಾಳೆ ನಲ್ಲಿ, ತೊಟ್ಟು ತೊಟ್ಟಾಗಿ ಸೋರುವ ನಲ್ಲಿ. ಇಪ್ಪತ್ತೆರಡು ವರ್ಷ ಅವಳು ಆ ನಲ್ಲಿಗೆ ಬೆನ್ನು ಹಾಕಿಯೇ ಹಡಗುಗಳನ್ನು ಖಾಲಿ ಮಾಡಿದ್ದಳು.

ಗಂಡಸರಿಗೇನು, ಇಡೀ ಬಂದರೇ ಒಂದು ಗೋಡೆ. ಹೆಂಗಸರಿಗೆ ಇದ್ದದ್ದು ಒಂದೇ ಕೋಣೆ, ಆಫೀಸು ಕಟ್ಟಡದ ಮೊದಲ ಮಹಡಿಯಲ್ಲಿ. ಅದಕ್ಕೊಂದು ಬೀಗ. ಬೀಗದ ಕೈ ಸಿಬ್ಬಂದಿ ವಿಭಾಗದ ಮೇಡಂ ಡ್ರಾಯರಿನಲ್ಲಿ. ಇಳಿಯಲು ನೂರನಲವತ್ತಾರು ಮೆಟ್ಟಿಲು, ನಡೆಯಲು ಸಾವಿರದ ನೂರು ಹೆಜ್ಜೆ, ಮೇಡಂ ಎದುರು ನಿಂತು ಹಲ್ಲುಗಿಂಜಲು ಐದು ನಿಮಿಷ, ಮತ್ತೆ ಅಷ್ಟೇ ದಾರಿ ವಾಪಸು. ಊಟದ ಬಿಡುವು ಅರ್ಧ ಗಂಟೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಪಾಳಿ ಮುಗಿದ ಮೇಲೆ, ಕ್ರೇನಮ್ಮ ಈ ದಾರಿಯನ್ನು ಹೆಜ್ಜೆ ಎಣಿಸಿ ನೋಡಿ, ನೀರು ಬಿಟ್ಟಳು. ಸಿಗರೇಟು ಬಿಟ್ಟವರನ್ನು ಊರು ಹೊಗಳುತ್ತದೆ. ನೀರು ಬಿಟ್ಟವಳನ್ನು ಯಾರೂ ಕೇಳಲಿಲ್ಲ.

ಮಗಳಿಗೂ ಅದೇ ಬಂದರಿನಲ್ಲಿ ಎರಡನೇ ನಂಬರಿನ ಕ್ರೇನಿಗೆ ತರಬೇತಿಯ ಕೆಲಸ ಸಿಕ್ಕಿತು. ಮೂರು ತಿಂಗಳು ತರಬೇತಿ, ಆಮೇಲೆ ಕಾಯಂ. ಚಿಕ್ಕಂದಿನಿಂದ ಮರ, ಮಾಳಿಗೆ, ನೀರಿನ ಟ್ಯಾಂಕು, ಏನು ಕಂಡರೂ ಹತ್ತುತ್ತಿದ್ದ ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಕೆಲಸಕ್ಕೆ ಹೋಗುವ ಹಿಂದಿನ ದಿನ ಊಟಕ್ಕೆ ಕೂತಾಗ ಎಲ್ಲರೂ ಬುದ್ಧಿ ಹೇಳಿದರು.

"ಮೇಲಿಂದ ಬೀಳ್ಬೇಡ," ಎಂದ ಅಪ್ಪ.

"ಒಬ್ಬಳೇ ಊಟ ಮಾಡ್ಬೇಡ. ಬುತ್ತಿ ಬಿಚ್ಚಿದ ಕಡೆ ಸ್ನೇಹ ಬಿಚ್ಚುತ್ತೆ," ಎಂದಳು ಅಜ್ಜಿ.

"ಅಜ್ಜಿ, ಅಲ್ಲಿ ಮೇಲೆ ನಾನು, ಕಾಗೆ, ಇಬ್ಬರೇ."

"ಹಾಗಾದ್ರೆ ಕಾಗೆಗೆ ಕೊಡು."

ಕ್ರೇನಮ್ಮ ನಗಲಿಲ್ಲ. ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಮಗಳ ತಟ್ಟೆಯ ಪಕ್ಕದಲ್ಲಿಟ್ಟಳು. ಮರದ ಒಂದು ಗುಂಡಿ. ಹಳೆಯ ಕೋಟಿನದು, ನಾಲ್ಕು ತೂತಿನದು; ತಿಕ್ಕಿ ತಿಕ್ಕಿ ಹುಣಸೆ ಬೀಜದಷ್ಟು ನುಣುಪಾಗಿತ್ತು.

"ಇದೇನಮ್ಮ?"

"ನಾಲಿಗೆ ಕೆಳಗಿಟ್ಕೊ. ಬಾಯಾರಿಕೆ ಆಗಲ್ಲ. ಬೆಳಿಗ್ಗೆ ಎದ್ದ ಮೇಲೆ ಒಂದು ತೊಟ್ಟು ನೀರು ಕುಡೀಬೇಡ, ಟೀ ಅಂತೂ ಮುಟ್ಲೇಬೇಡ. ಒಣ ಬ್ರೆಡ್ಡು ತಿನ್ನು, ಅದು ಹೀರ್ಕೊಳ್ಳುತ್ತೆ. ಸುಸ್ತು ಅಂತ ಯಾರ ಮುಂದೇನೂ ಅನ್ಬೇಡ. ಇಳಿದು ಹೋಗಿ ಬರ್ತೀನಿ ಅಂತ ಒಂದು ಸಲ ಕೇಳಿದ್ರೆ ಮುಗೀತು. 'ಹೆಣ್ಣು ಅಂದ್ರೆ ಇಷ್ಟೇ' ಅಂತಾರೆ. ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಕೇಳಿಲ್ಲ."

ಅದನ್ನು ಅವಳು ಪದಕ ತೋರಿಸುವವರ ಹಾಗೆ ಹೇಳಿದಳು. ದರ್ಜಿ ತಟ್ಟೆ ನೋಡಿದ. ಆ ಗುಂಡಿ ಅವನ ಡಬ್ಬಿಯಿಂದಲೇ ಹೋದದ್ದು, ಮದುವೆಯಾದ ಹೊಸತರಲ್ಲಿ. ಕೋಟು ಎಲ್ಲಿ ಎಂದು ಅವನು ಎಂದೂ ಕೇಳಿರಲಿಲ್ಲ. ಅಜ್ಜಿ ಅಗಿಯುವುದನ್ನು ನಿಲ್ಲಿಸಿ ಏನೋ ಹೇಳಹೋಗಿ, ತುತ್ತಿನ ಜೊತೆ ಅದನ್ನೂ ನುಂಗಿದಳು. ಗುಬ್ಬಿ ಗುಂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮೊದಲ ವಾರ ಮನೆಯಲ್ಲಿ ನಗೆಯೋ ನಗೆ. ಈಗ ನಾಲ್ಕೂವರೆಗೆ ಬರುವ ಕ್ರೇನುಗಳು ಎರಡು, ಬಚ್ಚಲು ಒಂದೇ. ತಾಯಿ ಮಗಳು ಬೀದಿಯ ತಿರುವಿನವರೆಗೆ ಜೊತೆಯಲ್ಲಿ ಬಂದು, ತಿರುವಿನಿಂದ ಓಡುತ್ತಿದ್ದರು.

"ನಾನು ಮೊದಲು! ನಾನು ಹೆತ್ತೋಳು!"

"ನಾನು ಚಿಕ್ಕೋಳು! ಚಿಕ್ಕೋರಿಗೆ ಬಿಡಬೇಕು!"

"ಹಿರಿತನಕ್ಕೆ ಮರ್ಯಾದೆ ಅನ್ನೋದೇ ಇಲ್ವಾ ಈ ಮನೇಲಿ?"

ದರ್ಜಿ ಹೊಲಿಗೆಯ ಅಳತೆಪಟ್ಟಿಯನ್ನು ಹೊಸ್ತಿಲಿಗೆ ಅಡ್ಡ ಹಿಡಿದು, ಯಾರ ಬೂಟು ಮೊದಲು ಮುಟ್ಟಿತೆಂದು ತೀರ್ಪು ಕೊಡುತ್ತಿದ್ದ. ಸೋತವಳು ಬಾಗಿಲ ಹೊರಗೆ ಒಂಟಿ ಕಾಲಿನ ಕೊಕ್ಕರೆಯಂತೆ ಕುಣಿಯುತ್ತಿದ್ದಳು. "ಅಲ್ಲೇನು ಹಾಡು ಹೇಳ್ತಾ ಇದ್ದೀಯ? ಬಾರೆ ಹೊರಗೆ!" ಮುದುಕಿ ಮಾತ್ರ ನಗದೆ, ಚೊಂಬುಗಳನ್ನು ತುಂಬಿಸಿ ಸಾಲಾಗಿ ಇಡುತ್ತಿದ್ದಳು. ಮೂರಿದ್ದದ್ದು ಆರಾಗಿತ್ತು.

ನಾಲ್ಕನೇ ವಾರ ಗುಬ್ಬಿ ಓಡುವುದನ್ನು ಬಿಟ್ಟಳು. ನಿಧಾನಕ್ಕೆ, ನೀರಿನೊಳಗೆ ನಡೆಯುವವಳಂತೆ ಬರುತ್ತಿದ್ದಳು. ಒಳಗೆ ಹೋದರೆ ಬಹಳ ಹೊತ್ತು ಬರುತ್ತಿರಲಿಲ್ಲ. ಒಮ್ಮೊಮ್ಮೆ ಹಲ್ಲು ಕಚ್ಚಿದ ನರಳಿಕೆ ಕೇಳುತ್ತಿತ್ತು. ಊಟಕ್ಕೆ ಕೂತರೆ ಅರ್ಧ ತಟ್ಟೆಗೇ ತೂಕಡಿಕೆ.

"ಮೈ ಬಿಸಿ ಇದೆ," ಎಂದಳು ಅಜ್ಜಿ, ಹಣೆ ಮುಟ್ಟಿ.

"ಹೊಸತರಲ್ಲಿ ಎಲ್ಲರಿಗೂ ಹಾಗೇ," ಎಂದಳು ಕ್ರೇನಮ್ಮ. "ನಂಗೂ ಆಗಿತ್ತು. ಒಗ್ಗುತ್ತೆ."

"ಉರಿ ಒಗ್ಗೋದು ಒಲೆಗೆ ಮಾತ್ರ ಕಣೆ."

"ಅತ್ತೆ, ನೀವು ಅವಳನ್ನ ಮುದ್ದು ಮಾಡಿ ಹಾಳು ಮಾಡ್ಬೇಡಿ. ಮೂರು ತಿಂಗಳು ಕಳೀಲಿ."

"ಅಮ್ಮ," ಎಂದಳು ಗುಬ್ಬಿ ಕಣ್ಣು ಮುಚ್ಚಿಕೊಂಡೇ, "ನಿಂಗೆ ಅಲ್ಲಿ ಮೇಲೆ ನಲ್ಲಿ ಕಾಣಿಸುತ್ತಾ?"

ಕ್ರೇನಮ್ಮನ ಕೈಯ ತುತ್ತು ಕೈಯಲ್ಲೇ ನಿಂತಿತು. ಆ ನಲ್ಲಿಯ ಮಾತನ್ನು ಅವಳು ಯಾರಿಗೂ, ಗಂಡನಿಗೂ ಹೇಳಿರಲಿಲ್ಲ.

"ಇಲ್ಲ," ಎಂದಳು. "ನಲ್ಲಿ ಎಲ್ಲಿ ಬರುತ್ತೆ ಅಲ್ಲಿ? ಊಟ ಮಾಡು."

ಆರನೇ ವಾರದ ಒಂದು ಮಧ್ಯಾಹ್ನ, ಕಡಲು ಕರಗಿದ ಸೀಸದಂತೆ ಮಿನುಗುತ್ತಿದ್ದಾಗ, ಎರಡನೇ ನಂಬರಿನ ಕ್ರೇನಿನಿಂದ ಇಳಿಯುತ್ತಿದ್ದ ಹಳದಿ ಕಂಟೇನರೊಂದು ತನ್ನ ದಾರಿ ಬಿಟ್ಟು ತೂಗತೊಡಗಿತು. ಕ್ರೇನಮ್ಮ ತನ್ನ ಕ್ಯಾಬಿನ್ನಿನಿಂದ ನೋಡಿದಳು. ವಾಕಿಟಾಕಿಯಲ್ಲಿ, ನೆಲದ ಮೇಲೆ ಬಾವುಟ ಹಿಡಿಯುವ ಸಿಗ್ನಲ್ ಮಾಮನ ದನಿ ಎಲ್ಲರಿಗೂ ಕೇಳಿತು.

"ಎರಡು, ನಿಲ್ಲಿಸು. ಎರಡು, ನಿಲ್ಲಿಸು! ಏಯ್ ಹುಡುಗಿ, ಕೇಳಿಸ್ತಾ?"

ಆಮೇಲೆ ಒಂದು ಗೊರಗೊರ ಸದ್ದು, ಬಾಯಲ್ಲಿ ಏನೋ ಸಿಕ್ಕಿಕೊಂಡವರದು. ಗುಬ್ಬಿ ಬಾಯಿಯಿಂದ ಗುಂಡಿಯನ್ನು ಉಗುಳಿ "ನಿಲ್ಲಿಸಿದೆ" ಎನ್ನುವಷ್ಟರಲ್ಲಿ ಕಂಟೇನರಿನ ಮೂಲೆ ಆಳುಗಳು ಊಟಕ್ಕೆ ಕೂರುವ ತಗಡಿನ ಶೆಡ್ಡಿನ ಚಾವಣಿಯನ್ನು ಕಾಗದದ ಹಾಗೆ ಸೀಳಿತ್ತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಹತ್ತು ನಿಮಿಷ ಮೊದಲು ಹದಿನೈದು ಜನ ಇದ್ದರು.

ಕ್ರೇನಮ್ಮ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಪಾಳಿ ಮುಗಿಯುವ ಮೊದಲೇ ನೂರನಲವತ್ತಾರು ಮೆಟ್ಟಿಲು ಇಳಿದಳು. ಎರಡನೇ ಕ್ರೇನಿನ ಬುಡದಲ್ಲಿ ಸಿಗ್ನಲ್ ಮಾಮ ಗುಬ್ಬಿಯನ್ನು ನೆರಳಿಗೆ ಕೂರಿಸಿದ್ದ. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಅಮ್ಮ, ನಲ್ಲಿ ಬಿಟ್ಟಿದ್ರು ಯಾರೋ," ಎಂದಳು ಅವಳು. "ನೀರು ಸುಮ್ನೆ ಹೋಗ್ತಾ ಇತ್ತು. ನಿಲ್ಲಿಸೋಣ ಅಂತ ಎದ್ದೆ."

ಡಾಕ್ಟರಮ್ಮ ಪರೀಕ್ಷೆಯ ಚೀಟಿ ನೋಡಿ, ಗುಬ್ಬಿಯನ್ನು ನೋಡಿ, ಅವಳ ತಾಯಿಯನ್ನು ನೋಡಿದಳು.

"ದಿನಕ್ಕೆ ಎಷ್ಟು ಲೋಟ ನೀರು ಕುಡೀತಾಳೆ?"

"ಸಂಜೆ ಮೂರು ಚೊಂಬು," ಎಂದಳು ಕ್ರೇನಮ್ಮ.

"ಬೆಳಿಗ್ಗೆಯಿಂದ?"

ಕ್ರೇನಮ್ಮ ಮಗಳ ಸಿಪ್ಪೆ ಎದ್ದ ತುಟಿ ನೋಡಿದಳು.

"ಸೋಂಕು ಮೇಲಕ್ಕೆ ಹತ್ತಿದೆ, ಮೂತ್ರಪಿಂಡದ ಹತ್ರ. ಇನ್ನು ಗಂಟೆಗೊಂದು ಲೋಟ ಕುಡೀಬೇಕು, ಬಂದ ಕೂಡಲೇ ಹೋಗಬೇಕು. ತಡ್ಕೊಳ್ಳೋ ಹಾಗೇ ಇಲ್ಲ. ನಿಮ್ಮದೂ ಒಂದು ಸಲ ಪರೀಕ್ಷೆ ಮಾಡಿಸಿ, ಆಯ್ತಾ?"

ಗುಬ್ಬಿ ಹತ್ತು ದಿನ ಮಲಗಿದಳು. ಹನ್ನೊಂದನೇ ದಿನ ಸಿಬ್ಬಂದಿ ವಿಭಾಗದ ಮೇಡಂ ಕ್ರೇನಮ್ಮನನ್ನು ಕರೆಸಿ, ಎದುರಿನ ಕುರ್ಚಿ ತೋರಿಸಿದಳು. ಆ ಕುರ್ಚಿಯಲ್ಲಿ ಕ್ರೇನಮ್ಮ ಎಂದೂ ಕೂತಿರಲಿಲ್ಲ.

"ನಿಮ್ಮ ಮಗಳು ಕೆಲಸದಲ್ಲಿ ನಿದ್ದೆ ಮಾಡಿದ್ಲು ಅಂತ ವರದಿ ಬಂದಿದೆ. ಮನೆಗೆ ಕಳಿಸಬೇಕು ಅಂತಾರೆ ಮೇಲಿನವರು. ನಾನೇ ತಡೆದಿದ್ದೀನಿ. ತರಬೇತಿಯನ್ನ ಇನ್ನೂ ಮೂರು ತಿಂಗಳು ವಿಸ್ತರಿಸೋಣ, ಅಷ್ಟೇ. ಕಾಗದ ರೆಡಿ ಇದೆ, ನನ್ನ ಸಹಿ ಒಂದು ಬಾಕಿ."

"ದೊಡ್ಡ ಉಪಕಾರ ಮೇಡಂ."

"ನೀವೂ ನಂಗೊಂದು ಉಪಕಾರ ಮಾಡಿ. ಮುಂದಿನ ಬುಧವಾರ ಹೊಸದಾಗಿ ಸೇರಿದ ಹುಡುಗಿಯರಿಗೆ ಒಂದು ಕಾರ್ಯಕ್ರಮ. ಸಾಧನೆ ಮಾಡಿದ ಮೂವರು ಹೆಂಗಸರು ಬುದ್ಧಿಮಾತು ಹೇಳ್ತಾರೆ. ಬ್ಯಾಂಕಿನ ಮ್ಯಾನೇಜರ್ ಒಬ್ಬರು, ದೊಡ್ಡಾಸ್ಪತ್ರೆಯ ಹಿರಿಯ ನರ್ಸಮ್ಮ, ಆಮೇಲೆ ನೀವು. ಭಾಷಣ ನಾನೇ ಬರೆದಿದ್ದೀನಿ. ಓದಿದ್ರೆ ಸಾಕು."

ಮನೆಯಲ್ಲಿ ದರ್ಜಿ ಕಾಜಾ ಹೊಲಿಯುವುದನ್ನು ನಿಲ್ಲಿಸಿ ಆ ಹಾಳೆಯನ್ನು ಗಟ್ಟಿಯಾಗಿ ಓದಿದ.

"'ಪ್ರಿಯ ಸಹೋದರಿಯರೇ, ನಿಮ್ಮ ಕನಸು ಆಕಾಶದಷ್ಟಿರಲಿ. ನಿಮ್ಮ ದೂರು ಸಾಸಿವೆಯಷ್ಟೂ ಇಲ್ಲದಿರಲಿ. ಅಡ್ಡಿಗಳು ನಮ್ಮ ಮನಸ್ಸಿನಲ್ಲಿರುತ್ತವೆ...'"

"ಬೀಗದ ಕೈ ಎಲ್ಲಿರುತ್ತೆ ಅಂತ ಬರೆದಿದ್ದಾಳಾ ನೋಡು," ಎಂದಳು ಮುದುಕಿ.

"ಅಜ್ಜಿ, ಸುಮ್ನಿರು," ಎಂದಳು ಗುಬ್ಬಿ ಹಾಸಿಗೆಯಿಂದ. "ಅಮ್ಮ, ಓದಿಬಿಡು. ಐದು ನಿಮಿಷದ ಮಾತು. ಸಹಿ ಬೀಳಲಿ."

"ಓದಿದ ಮೇಲೆ? ಮತ್ತೆ ಹತ್ತುತ್ತೀಯ?"

"ಹತ್ತದೆ ಇನ್ನೇನು?"

"ಗಂಟೆಗೊಂದು ಲೋಟ ಅಂದಿದ್ದಾರೆ ಡಾಕ್ಟರು."

"ಡಾಕ್ಟರಿಗೆ ಕ್ರೇನು ಗೊತ್ತಾ? ನೀನು ಮಾಡಿಲ್ವಾ ಇಪ್ಪತ್ತೆರಡು ವರ್ಷ? ನಾನೂ ಮಾಡ್ತೀನಿ." ಗುಬ್ಬಿ ದಿಂಬಿನ ಕೆಳಗಿನಿಂದ ಆ ಮರದ ಗುಂಡಿಯನ್ನು ತೆಗೆದು ತೋರಿಸಿದಳು. "ಸಿಗ್ನಲ್ ಮಾಮನ ಕೈಲಿ ಹುಡುಕಿಸಿ ತರಿಸ್ಕೊಂಡೆ. ಕ್ಯಾಬಿನ್ನಿನ ಮೂಲೇಲಿತ್ತು."

ಕ್ರೇನಮ್ಮ ಎದ್ದು ಹೋಗಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಳು. ಅತ್ತೆ ಬಂದು ಎದುರಿಗೆ ಕೂತು, ತಾನೂ ಒಂದು ಚಾಕು ತೆಗೆದುಕೊಂಡಳು. ಮುದುಕಿ ಹರೆಯದಲ್ಲಿ ಗೋದಾಮಿನಲ್ಲಿ ಗೋಣಿ ಹೊಲಿಯುವ ನಲವತ್ತು ಹೆಂಗಸರಿಗೆ ಮೇಸ್ತ್ರಿಯಾಗಿದ್ದವಳು. ಆ ಕಾಲದ ಮಾತನ್ನು ಅವಳು ತೆಗೆದದ್ದೇ ಕಡಿಮೆ.

"ನಮ್ಮ ಗೋದಾಮಲ್ಲಿ ಆ ಒಂದು ಕೋಣೆಯೂ ಇರಲಿಲ್ಲ," ಎಂದಳು ಮುದುಕಿ. "ಒಬ್ಬಳಿಗೆ ಬಂತು ಅಂದ್ರೆ ಹತ್ತು ಜನ ಗೋಣಿ ಬಿಚ್ಚಿ ಹಿಡ್ಕೊಂಡು, ಬೆನ್ನು ತಿರುಗಿಸಿ, ಸುತ್ತ ನಿಲ್ತಾ ಇದ್ವಿ. ಒಳಗೆ ಅವಳು ಕೂರೋಳು. ಆಚೆ ನಾವು ಹಾಡು ಹೇಳ್ತಿದ್ವಿ, ಸದ್ದು ಕೇಳಿಸಬಾರದು ಅಂತ."

"ಥೂ, ಅತ್ತೆ."

"ಥೂ ಅನ್ನೋಕೆ ಏನಿದೆ? ಹುಟ್ಟಿದ ಮೈ. ನಾಲ್ಕು ವರ್ಷ ಗೋದಾಮಿನ ಹಿಂದೆ ನಿಂತ್ವಿ. ಐದನೇ ವರ್ಷ ನಾನೇ ಅಂದೆ, ಇವತ್ತು ಹಿಂದೆ ಬೇಡ, ಧಣಿಯ ಜಗಲಿ ಮುಂದೆ ನಿಲ್ಲೋಣ ಅಂತ. ನಲವತ್ತು ಜನ, ನಲವತ್ತು ಗೋಣಿ. ಅವನು ಕಾಫಿ ಬಟ್ಟಲು ಬಿಟ್ಟು ಒಳಗೆ ಓಡಿದ. ವಾರದಲ್ಲಿ ತಗಡು ಬಂತು, ಬಾಗಿಲು ಬಂತು."

ಕ್ರೇನಮ್ಮನ ಕೈಯ ಚಾಕು ನಿಂತಿತು. "ಇಷ್ಟು ವರ್ಷ ಇದನ್ನ ನಂಗೆ ಯಾಕೆ ಹೇಳ್ಲಿಲ್ಲ ನೀವು?"

"ನೀನು ಕೇಳಿದ್ಯಾ? ನೀನು ಮೇಲೆ ಹತ್ತಿದೋಳು. ನಾವು ನೆಲಕ್ಕೆ ಕೂತೋರು. ಸೊಸೆ ಆಕಾಶದಲ್ಲಿ ಕೆಲಸ ಮಾಡ್ತಾಳೆ ಅಂತ ಬೀದಿ ತುಂಬ ಹೇಳ್ಕೊಂಡು ತಿರುಗಿದೆ ನಾನು. ಆಕಾಶದಲ್ಲಿ ಸುತ್ತ ನಿಲ್ಲೋಕೆ ಯಾರೂ ಇರಲ್ಲ ಅಂತ ಹೊಳೀಲೇ ಇಲ್ಲ ನಂಗೆ." ಮುದುಕಿ ಸಿಪ್ಪೆಗಳನ್ನು ಬಾಚಿ ಎದ್ದಳು. "ನಂದೂ ತಪ್ಪೇ. ಚೊಂಬು ತುಂಬಿಸಿ ಇಟ್ಟಿದ್ದೇ ಇಟ್ಟಿದ್ದು."

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಬಂದರಿನ ಸಭಾಂಗಣದಲ್ಲಿ ಹೆಂಗಸರು ತುಂಬಿದ್ದರು. ಹೊಸ ಹುಡುಗಿಯರು ಮೂವತ್ತು, ಉಳಿದವರು ಗೋದಾಮಿನವರು, ಲಾರಿ ತೂಗುವ ತೂಕದವರು, ಆಫೀಸಿನವರು. ತಾಯಿ ಮಗಳೂ ಸೇರಿ ಒಟ್ಟು ನೂರ ಏಳು. ಕಿಟಕಿಯಾಚೆ ಮಂಜು ಮತ್ತೆ ಇಳಿಯುತ್ತಿತ್ತು. ಕ್ರೇನುಗಳ ತಲೆಗಳು ಮಾತ್ರ ಕಾಣುತ್ತಿದ್ದವು, ಹೊಳೆಯಲ್ಲಿ ನಿಂತ ಜಿರಾಫೆಗಳಂತೆ. ಮೊದಲ ಸಾಲಿನಲ್ಲಿ ಗುಬ್ಬಿ ಕೂತಿದ್ದಳು, ಕೆಲಸದ ಅಂಗಿಗೆ ಹೊಸದಾಗಿ ಇಸ್ತ್ರಿ ಹಾಕಿಸಿಕೊಂಡು. ಬದಿಯ ಮೇಜಿನ ಮೇಲೆ ಮೇಡಂ ಇಟ್ಟ ಕಡತ, ಕಡತದೊಳಗೆ ಸಹಿಯಾಗದ ಆ ಕಾಗದ. ವೇದಿಕೆಯ ಮೇಜಿನ ಮೇಲೆ ಹೂದಾನಿ, ಮೂರು ಲೋಟ ನೀರು.

ಬ್ಯಾಂಕಿನ ಮ್ಯಾನೇಜರ್ ಎದ್ದು ಹೇಳಿದಳು: "ಸಂಬಳ ಎಷ್ಟು ಅಂತ ಕೇಳೋಕೆ ನಾಚಿಕೆ ಪಡಬೇಡಿ. ನಾನು ಆರು ವರ್ಷ ನಾಚಿಕೊಂಡೆ. ನನ್ನ ಪಕ್ಕದ ಕುರ್ಚಿಯವನು ಆ ಆರು ವರ್ಷದಲ್ಲಿ ಮನೆ ಕಟ್ಟಿಸಿದ." ಹುಡುಗಿಯರು ನಕ್ಕರು. ಹಿರಿಯ ನರ್ಸಮ್ಮ ದಪ್ಪ ದನಿಯಲ್ಲಿ ಹೇಳಿದಳು: "ಗೊತ್ತಿಲ್ಲದಿದ್ದನ್ನ ಗೊತ್ತಿಲ್ಲ ಅನ್ನಿ. ಗೊತ್ತಿದೆ ಅಂದ ಹುಡುಗಿಯೊಬ್ಬಳು ಒಂದು ಸಲ ಬೇರೆ ಕಾಲಿಗೆ ಪಟ್ಟಿ ಕಟ್ಟಿದ್ಲು. ಆ ಹುಡುಗಿ ನಾನೇ."

ಆಮೇಲೆ ಕ್ರೇನಮ್ಮ ಎದ್ದಳು. ಹಾಳೆಯನ್ನು ಬಿಡಿಸಿದಳು. "ಪ್ರಿಯ ಸಹೋದರಿಯರೇ," ಎಂದಳು. ಬೆಳಿಗ್ಗೆಯಿಂದ ಒಣಗಿದ ಗಂಟಲು ಅಲ್ಲೇ ಕಚ್ಚಿಕೊಂಡಿತು.

ಎಲ್ಲೋ ತೊಟ್ಟು ತೊಟ್ಟಾಗಿ ನೀರು ಬೀಳುವ ಸದ್ದು ಅವಳಿಗೆ ಕೇಳಿತು. ಸಭಾಂಗಣದ ಮೂಲೆಯಲ್ಲಿ ಹಿತ್ತಾಳೆ ನಲ್ಲಿ ಮಿನುಗುತ್ತಿತ್ತು. ಈ ಸಲ ಅವಳು ಬೆನ್ನು ಹಾಕಲಿಲ್ಲ. ಮೊದಲ ಸಾಲಿನಲ್ಲಿ ಗುಬ್ಬಿಯ ಕೆನ್ನೆ ಒಂದು ಕಡೆ ಸ್ವಲ್ಪ ಉಬ್ಬಿತ್ತು. ನಾಲಿಗೆಯ ಕೆಳಗೆ ಗುಂಡಿ ಇತ್ತು.

ಕ್ರೇನಮ್ಮ ಹಾಳೆಯನ್ನು ಮಡಚಿ ಹೂದಾನಿಯ ಕೆಳಗಿಟ್ಟಳು. ತನ್ನ ಲೋಟ ಎತ್ತಿ, ಗಟಗಟ ಎಂದು ತಳ ಕಾಣುವವರೆಗೆ ಕುಡಿದಳು. ಸಭೆಯವರೆಲ್ಲ ಅವಳ ಗಂಟಲು ಏರಿ ಇಳಿಯುವುದನ್ನು ನೋಡಿದರು. ಅವಳು ಖಾಲಿ ಲೋಟವನ್ನು ನೋಡಿದಳು. ನರ್ಸಮ್ಮ ಅವಳ ಮುಖ ನೋಡಿದಳು. ಕಾಯಿಲೆಯವರನ್ನು ನೋಡಿ ಪಳಗಿದ ಕಣ್ಣು ಅದು. ತನ್ನ ಲೋಟವನ್ನು ಮೆಲ್ಲಗೆ ಮುಂದೆ ತಳ್ಳಿದಳು.

"ನಂದೂ ತಗೊಳಮ್ಮ."

ಅದನ್ನೂ ಕುಡಿದಳು. ಬ್ಯಾಂಕಿನವಳು ಅತ್ತ ಇತ್ತ ನೋಡಿ, ತನ್ನದನ್ನೂ ತಳ್ಳಿದಳು. ಮೂರನೆಯದು ಮುಗಿದ ಮೇಲೆ ಕ್ರೇನಮ್ಮ ಬಾಯಿ ಒರೆಸಿಕೊಂಡಳು.

"ಇಪ್ಪತ್ತೆರಡು ವರ್ಷದಲ್ಲಿ ಈ ಬಂದರಿನೊಳಗೆ ನಾನು ಕುಡಿದ ಮೊದಲ ನೀರು ಇದು," ಎಂದಳು. "ನನ್ನ ಮಗಳಿಗೆ ಮೊದಲ ದಿನ ಒಂದು ಬುದ್ಧಿಮಾತು ಹೇಳಿ ಕಳಿಸಿದ್ದೆ, ನೀರು ಕುಡೀಬೇಡ ಅಂತ. ಅವಳು ನಿದ್ದೆ ಮಾಡ್ಲಿಲ್ಲ, ಒಣಗಿ ತಲೆ ತಿರುಗಿ ಬಿದ್ಲು. ಹದಿನೈದು ಜನದ ತಲೆ ಹತ್ತು ನಿಮಿಷದ ಅಂತರದಲ್ಲಿ ಉಳೀತು. ಅದು ಅವಳ ತಪ್ಪಲ್ಲ, ನನ್ನ ಬುದ್ಧಿಮಾತಿನ ತಪ್ಪು. ಆ ಮಾತನ್ನ ಇವತ್ತು ವಾಪಸ್ ತಗೊಳ್ತೀನಿ. ಬೇರೆ ಬುದ್ಧಿಮಾತು ನನ್ನ ಹತ್ರ ಇಲ್ಲ. ಮೂರು ಲೋಟ ಕುಡಿದಿದ್ದೀನಿ. ಇನ್ನು ಸ್ವಲ್ಪ ಹೊತ್ತಿಗೆ ನಂಗೆ ಹೋಗಬೇಕು. ಮೇಡಂ, ಬೀಗದ ಕೈ."

"ಕೂತ್ಕೊಳ್ಳಿ, ಆಮೇಲೆ ಮಾತಾಡೋಣ," ಎಂದಳು ಮೇಡಂ, ಕಡತದ ಮೇಲೆ ಕೈ ಇಟ್ಟು.

"ಇದು ಆಮೇಲೆ ಅಂದ್ರೆ ನಿಲ್ಲೋದಲ್ಲ ಮೇಡಂ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗೋದಾಮಿನ ಹೆಂಗಸೊಬ್ಬಳು ಎದ್ದಳು. "ನಂಗೂ ಹೋಗಬೇಕು. ಏಳು ವರ್ಷದಿಂದ ಹೋಗಬೇಕು." ತೂಕದವಳು ಎದ್ದಳು. ಮೂಲೆಯ ನೀರಿನ ಡ್ರಮ್ಮಿನ ಸುತ್ತ ಲೋಟಗಳು ಕೈಯಿಂದ ಕೈಗೆ ಹೋಗತೊಡಗಿದವು. ಗುಬ್ಬಿ ಮಾತ್ರ ಕೂತೇ ಇದ್ದಳು. ಅವಳ ಕಣ್ಣು ಆ ಕಡತದ ಮೇಲಿತ್ತು. ಬಹಳ ಹೊತ್ತಾದ ಮೇಲೆ, ಅಥವಾ ತಾಯಿಗೆ ಹಾಗನ್ನಿಸಿತೋ ಏನೋ, ಅವಳು ಬಾಯಿಂದ ಗುಂಡಿಯನ್ನು ತೆಗೆದು, ಎದ್ದು, ಒಂದು ಲೋಟ ತುಂಬಿಸಿಕೊಂಡಳು.

ಆಮೇಲಿನದು ಕನಸಿನಲ್ಲಿ ನಡೆದ ಹಾಗೆ. ಮಂಜಿನೊಳಗೆ ನೂರ ಏಳು ಹೆಂಗಸರು ಅಂಗಳ ದಾಟಿದರು. ಬೂಟಿನ ಸದ್ದಿಲ್ಲ, ಕೂಗಿಲ್ಲ. ಯಾರೋ ಹಾಡೊಂದನ್ನು ಗುನುಗುತ್ತಿದ್ದರು. ಬೀಗ ಹಾಕಿದ ಬಾಗಿಲ ಮುಂದೆ ಹತ್ತು ಜನ ಬೆನ್ನು ತಿರುಗಿಸಿ ಅರ್ಧಚಂದ್ರದಂತೆ ನಿಂತರು. ಹಾಗೆ ನಿಲ್ಲಲು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ ಓಡುತ್ತ ಬಂದು ಬೀಗ ತೆಗೆದಳು. ಒಂದೇ ಕೋಣೆ, ಒಬ್ಬೊಬ್ಬರೇ. ಸಾಲು ಮೆಟ್ಟಿಲು ಇಳಿದು, ಅಂಗಳ ಬಳಸಿ, ಎರಡನೇ ಕ್ರೇನಿನ ಬುಡ ಮುಟ್ಟಿತು. ತೂಕದವರಿಲ್ಲದೆ ಲಾರಿಗಳು ನಿಂತವು, ಲಾರಿಗಳಿಲ್ಲದೆ ಕ್ರೇನುಗಳು ನಿಂತವು. ಹಡಗೊಂದು ಮಂಜಿನಲ್ಲಿ ದಾರಿ ಕೇಳುವ ಎಮ್ಮೆಯಂತೆ ಕೂಗಿತು.

ಬಂದರಿನ ಮ್ಯಾನೇಜರು ಇಳಿದು ಬಂದ. "ಏನಿದು? ಮುಷ್ಕರವಾ?"

"ಸರದಿ," ಎಂದಳು ನರ್ಸಮ್ಮ. ಅವಳೂ ಸಾಲಿನಲ್ಲಿದ್ದಳು, ನಲವತ್ತೊಂದನೆಯವಳಾಗಿ. "ನೀವು ನೂರ ಏಳು ಜನಕ್ಕೆ ಒಂದು ಕೋಣೆ ಕೊಟ್ಟಿದ್ದೀರಿ. ಸ್ವಲ್ಪ ಹೊತ್ತಾಗುತ್ತೆ."

ಅವನು ಸಾಲನ್ನು ನೋಡಿದ, ನಿಂತ ಕ್ರೇನುಗಳನ್ನು ನೋಡಿದ, ಕೊನೆಗೆ ಕ್ರೇನಮ್ಮನನ್ನೂ ಗುಬ್ಬಿಯನ್ನೂ ನೋಡಿ ಹೇಳಿದ: "ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ. ಇಬ್ಬರೂ."

ಸಾಲು ಮುಗಿದಾಗ ಆರು ದಾಟಿತ್ತು. ತಾಯಿ ಮಗಳು ಬೀದಿಯ ತಿರುವಿಗೆ ಬಂದರು. ಓಡಲಿಲ್ಲ. ದರ್ಜಿ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಹೊಸ್ತಿಲಲ್ಲೇ ನಿಂತಿದ್ದ. ಅವನ ಹಿಂದೆ ಕಂಬ ಹಿಡಿದು ಮುದುಕಿ.

"ಎಲ್ಲಿಗೆ ಹೋಗಿದ್ರಿ ಇಷ್ಟೊತ್ತು? ಬನ್ನಿ, ಬನ್ನಿ, ಬಚ್ಚಲು ಖಾಲಿ ಇದೆ!"

ಕ್ರೇನಮ್ಮ ಜಗಲಿಯ ಮೇಲೆ ಕೂತು, ಒಂದೊಂದೇ ಬೂಟು ಬಿಚ್ಚತೊಡಗಿದಳು. "ಇರಲಿ ಬಿಡಿ. ಏನು ಅಡುಗೆ?"

ದರ್ಜಿ ಅವಳ ಬಾಯಿಯನ್ನೇ ನೋಡಿದ. "ಕೆಲಸ...?"

"ಗೊತ್ತಿಲ್ಲ ಅಪ್ಪ. ಸಹಿ ಬಿದ್ದಿಲ್ಲ," ಎಂದಳು ಗುಬ್ಬಿ. "ನಾಳೆ ಹತ್ತು ಗಂಟೆಗೆ ಕರೆದಿದ್ದಾರೆ ಇಬ್ಬರನ್ನೂ. ಉಳಿದ ನೂರ ಐದು ಜನ ನಾವೂ ಬರ್ತೀವಿ ಅಂದ್ರು, ನೀರು ಕುಡಿದು." ಅವಳು ಒಳಗೆ ಹೋಗಿ ಆ ಮರದ ಗುಂಡಿಯನ್ನು ಅಪ್ಪನ ಡಬ್ಬಿಗೆ ಹಾಕಿದಳು. ಬೇರೆ ಗುಂಡಿಗಳ ನಡುವೆ ಅದು ಟಣ್ ಎಂದು ಬಿತ್ತು. "ಇದಕ್ಕೊಂದು ಕೋಟು ಹುಡುಕು."

"ಹಾಗಾದ್ರೆ ನಿಮಗಿಬ್ಬರಿಗೂ ಈಗ ಬಚ್ಚಲು ಬೇಡ?" ಎಂದಳು ಮುದುಕಿ ಕಂಬದ ಹಿಂದಿನಿಂದ, ಸಣ್ಣ ದನಿಯಲ್ಲಿ.

"ಬೇಡ ಅತ್ತೆ."

"ಖಂಡಿತ?"

"ಖಂಡಿತ. ಯಾಕೆ?"

"ಅಯ್ಯೋ, ನಾಲ್ಕು ಗಂಟೆಯಿಂದ ತಡ್ಕೊಂಡು ನಿಂತಿದ್ದೀನಲ್ಲೇ!" ಎಂದು ಮುದುಕಿ ಸೀರೆ ಎತ್ತಿಹಿಡಿದು ಒಳಗೆ ಓಡಿದಳು. ಅಷ್ಟು ಬೇಗ ಅವಳು ಓಡಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.